ಸೈಕ್ಲೋಸ್ಪೋರಿನ್ ಎಚ್ ಬಳಸಿ ನೋಡಿದ ರಿವ್ಯೂ: ಬ್ಲಡ್ ಸ್ಟೆಮ್ ಸೆಲ್ ಒಳಗೆ ವೆಕ್ಟರ್ ನುಗ್ಗಿಸೋಕೆ ಇದು ಬೇಕೇ ಬೇಕಾ?

ಮೊದಲೇ ಹೇಳ್ಬಿಡ್ತೀನಿ, ಲೆಂಟಿವೈರಲ್ ವೆಕ್ಟರ್ (ಜೀನ್ ಹೊತ್ಕೊಂಡು ಸೆಲ್ ಒಳಗೆ ಹೋಗೋ ಹಾಗೆ ಬದಲಾಯಿಸಿದ ವೈರಸ್) ಇಟ್ಕೊಂಡು ಮನುಷ್ಯರ ಸಿಡಿ34 ಸೆಲ್‌ಗಳ (ಮೈಮೇಲೆ ಸಿಡಿ34 ಅನ್ನೋ ಗುರುತು ಇರೋ ಬ್ಲಡ್ ಸ್ಟೆಮ್ ಸೆಲ್‌ಗಳು) ಮೇಲೆ ಕೆಲಸ ಮಾಡೋ ಲ್ಯಾಬ್ ನಿಮ್ದಾಗಿದ್ರೆ ವೆಕ್ಟರ್ ಸೆಲ್ ಒಳಗೆ ಹೋಗೋಕೆ ದಾರಿ ಮಾಡೋ ಸೈಕ್ಲೋಸ್ಪೋರಿನ್ ಎಚ್ ಅನ್ನೋ ಈ ಕೆಮಿಕಲ್ ಒಂದು ವಯಲ್ ತರಿಸ್ಕೊಳ್ಳಿ, ದುಡ್ಡು ದಂಡ ಆಗಲ್ಲ. ನನ್ನ ಲೆಕ್ಕದಲ್ಲಿ 5ಕ್ಕೆ 4.5. ಆದ್ರೆ ಆ ಕಳೆದ ಅರ್ಧ ಮಾರ್ಕು ಯಾಕೆ ಅಂತ ತಿಳ್ಕೊಳ್ಳದೇ ತರಿಸ್ಬೇಡಿ, ಯಾಕಂದ್ರೆ ಇದು ಒಂದು ಬಾಗಿಲು ತೆಗೆಯತ್ತೆ ಅಷ್ಟೇ, ಒಳಗೆ ಹೋದ್ಮೇಲೆ ಸೆಲ್ ಎಬ್ಬಿಸೋ ಗಲಾಟೆಗೆ ಇದು ಮದ್ದಲ್ಲ, ಅದನ್ನ ಗೊತ್ತಿಲ್ಲದೇ ಎಲ್ಲಾ ಎಕ್ಸ್‌ಪೆರಿಮೆಂಟ್‌ಗೂ ಇದನ್ನೇ ಹಾಕ್ತಾ ಕೂತವರನ್ನ ನಾನು ನೋಡಿದೀನಿ. ಕನ್ನಡದಲ್ಲಿ ಇಂಥ ರೀಏಜೆಂಟ್‌ಗಳ ಬಗ್ಗೆ ಯಾರೂ ಬರೆಯಲ್ಲ, ಕಂಪನಿ ಪೇಜಲ್ಲಿ ನೋಡಿದ್ರೆ ಎರಡು ಲೈನ್ ಇರತ್ತೆ, ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೀತೀನಿ. ಎಂಎಸ್ಸಿ ಪ್ರಾಜೆಕ್ಟ್ ಮಾಡೋರಿಗೂ ಅರ್ಥ ಆಗ್ಲಿ, ಮನೇಲಿ ಥಲಸ್ಸೇಮಿಯ ಮಗು ಇದ್ದು ಜೀನ್ ಥೆರಪಿ ಅಂದ್ರೆ ಏನು ಅಂತ ಹುಡುಕ್ತಾ ಇರೋ ಅಪ್ಪ ಅಮ್ಮಂದಿರಿಗೂ ಒಂದು ಅಂದಾಜು ಸಿಗ್ಲಿ ಅಂತ.

ಇದು ಯಾಕೆ ಬೇಕು ಅನ್ನೋದು ಮೊದಲು. ಬ್ಲಡ್ ಸ್ಟೆಮ್ ಸೆಲ್ ಜೀನ್ ಥೆರಪಿ ಅಂದ್ರೆ ಪೇಶೆಂಟ್‌ದೇ ಸ್ಟೆಮ್ ಸೆಲ್ ಹೊರಗೆ ತೆಗ್ದು, ಜೀನ್ ಸರಿ ಮಾಡಿ, ವಾಪಸ್ ಅವರಿಗೇ ಕೊಡೋದು. ಜಿ-ಸಿಎಸ್‌ಎಫ್, ಪ್ಲೆರಿಕ್ಸಾಫೋರ್ ಇಂಜೆಕ್ಷನ್ ಕೊಟ್ಟು ಬೋನ್ ಮ್ಯಾರೋದಲ್ಲಿರೋ ಸೆಲ್‌ನ ರಕ್ತಕ್ಕೆ ಇಳಿಸ್ತಾರೆ, ಅಫರೆಸಿಸ್ ಮೆಷಿನ್‌ನಲ್ಲಿ ಹಿಡೀತಾರೆ, ಮ್ಯಾಗ್ನೆಟಿಕ್ ಬೀಡ್ ಹಾಕಿ ಸಿಡಿ34 ಇರೋವನ್ನ ಬೇರೆ ಮಾಡ್ತಾರೆ, ಎಸ್‌ಸಿಎಫ್, ಟಿಪಿಒ, ಫ್ಲಿಟ್3 ಲಿಗಾಂಡ್ ಅನ್ನೋ ಸೈಟೋಕೈನ್‌ಗಳನ್ನ (ಸೆಲ್ ಬೆಳೆಸೋ ಪ್ರೋಟೀನ್) ಹಾಕಿದ ಮೀಡಿಯಾದಲ್ಲಿ ಬೆಳೆಸ್ತಾ ವೆಕ್ಟರ್ ಸೇರಿಸ್ತಾರೆ, ಅಷ್ಟೊತ್ತಿಗೆ ಪೇಶೆಂಟ್‌ಗೆ ಬುಸಲ್ಫಾನ್ ಕೀಮೋ ಕೊಟ್ಟು ಹಳೇ ಮ್ಯಾರೋ ಖಾಲಿ ಮಾಡಿ ಹೊಸ ಸೆಲ್‌ಗೆ ಜಾಗ ಮಾಡಿರ್ತಾರೆ. ಇಷ್ಟೆಲ್ಲಾ ಮಾಡಿ ಕೊನೆಗೆ ಸ್ಟೆಮ್ ಸೆಲ್ ಒಳಗೆ ವೆಕ್ಟರೇ ಸರಿಯಾಗಿ ಹೋಗ್ಲಿಲ್ಲ ಅಂದ್ರೆ ಎಲ್ಲಾ ನೀರಲ್ಲಿ ಹೋಮ. ಪೇಶೆಂಟ್ ಕೀಮೋ ತಿಂದದ್ದೂ ವ್ಯರ್ಥ.

ಮತ್ತೆ ಅದು ಹೋಗಲ್ಲ. ನಿಜವಾದ ತೊಂದರೆ ಇರೋದೇ ಅಲ್ಲಿ. ಬೇರೆ ಸೆಲ್ ಲೈನ್‌ಗಳಿಗೆ, ಉದಾಹರಣೆಗೆ 293ಟಿ ಸೆಲ್‌ಗೆ ಅದೇ ವೆಕ್ಟರ್ ಒಂಚೂರು ಹಾಕಿದ್ರೂ ಎಲ್ಲಾ ಹಸಿರಾಗಿ ಹೊಳೀತವೆ (ಟೆಸ್ಟ್ ಮಾಡೋ ವೆಕ್ಟರ್‌ನಲ್ಲಿ ಹಸಿರು ಹೊಳೆಯೋ ಪ್ರೋಟೀನಿನ ಜೀನ್ ಇಟ್ಟಿರ್ತೀವಿ), ಸಿಡಿ34 ಸೆಲ್‌ಗೆ ಮಾತ್ರ ಒಂದು ಸೆಲ್‌ಗೆ 100 ವೈರಸ್ ಕಣದ ಲೆಕ್ಕದಲ್ಲಿ ಸುರಿದ್ರೂ ಬೇಕಾದಷ್ಟು ಹತ್ತಲ್ಲ, ಅದ್ರಲ್ಲೂ ಜೀವನಪೂರ್ತಿ ರಕ್ತ ಮಾಡೋ ಲಾಂಗ್ ಟರ್ಮ್ ಸ್ಟೆಮ್ ಸೆಲ್ ಇದಾವಲ್ಲ ಅವು ಎಲ್ಲಕ್ಕಿಂತ ಹಠಮಾರಿ. ಕಾರಣ, ಈ ಸೆಲ್‌ಗಳು ವೈರಸ್ ಬರೋಕೆ ಮುಂಚೆನೇ ಇನ್ನೇಟ್ ಇಮ್ಯುನಿಟಿಯ (ಹುಟ್ಟಿನಿಂದಲೇ ಇರೋ ರಕ್ಷಣೆ) ಆಯುಧ ಹಿಡ್ಕೊಂಡೇ ಕೂತಿರ್ತವೆ. ಸಾಮಾನ್ಯ ಸೆಲ್ ಆದ್ರೆ ವೈರಸ್ ಬಂತು, ಸೆನ್ಸರ್ ಗುರುತಿಸ್ತು, ಇಂಟರ್‌ಫೆರಾನ್ ಅನ್ನೋ ಎಚ್ಚರಿಕೆಯ ಪ್ರೋಟೀನ್ ಬಂತು, ಆಮೇಲೆ ಆಂಟಿವೈರಲ್ ಪ್ರೋಟೀನ್ ಮಾಡ್ತು ಅನ್ನೋ ಕ್ರಮ. ಸ್ಟೆಮ್ ಸೆಲ್ ಹಂಗಲ್ಲ, ಇಂಟರ್‌ಫೆರಾನ್‌ಗೆ ಕಾಯದೇನೇ ಅಂಥ ಕೆಲವು ಪ್ರೋಟೀನ್‌ಗಳನ್ನ ಯಾವಾಗ್ಲೂ ಮಾಡ್ತಾ ಇರತ್ತೆ, 2018ರಲ್ಲಿ ಅಮೆರಿಕದ ಚಾರ್ಲ್ಸ್ ರೈಸ್ ಲ್ಯಾಬ್‌ನವರು ಬೇರೆ ಬೇರೆ ಥರದ ಸ್ಟೆಮ್ ಸೆಲ್‌ಗಳಲ್ಲಿ ಇದನ್ನ ತೋರಿಸಿದ್ರು. ಯೋಚ್ನೆ ಮಾಡಿದ್ರೆ ನ್ಯಾಯವಾಗೇ ಇದೆ. ಇಡೀ ಜೀವಮಾನದ ರಕ್ತ ಯಾವ ಸೆಲ್‌ನಿಂದ ಬರಬೇಕೋ ಆ ಸೆಲ್‌ಗೆ ವೈರಸ್ ಹತ್ತಿಬಿಟ್ರೆ ಗತಿ ಏನು, ಅದಕ್ಕೇ ದೇಹ ಅಲ್ಲಿ ಕಾವಲು ಬಿಗಿ ಮಾಡಿದೆ. ನಮ್ಮ ವೆಕ್ಟರ್ ಒಳ್ಳೇ ಕೆಲಸಕ್ಕೆ ಬಂದಿದೆ ಅಂತ ಪಾಪ ಆ ಸೆಲ್‌ಗೆ ಹೆಂಗೆ ಗೊತ್ತಾಗ್ಬೇಕು.

ಆ ಕಾವಲುಗಾರರಲ್ಲಿ ಮುಖ್ಯ ಐಎಫ್‌ಐಟಿಎಂ3 ಅನ್ನೋ ಪ್ರೋಟೀನು. ನಾವೆಲ್ಲ ಬಳಸೋ ಲೆಂಟಿವೈರಲ್ ವೆಕ್ಟರ್‌ಗೆ ಮೇಲಿನ ಕೋಟು ವಿಎಸ್‌ವಿ-ಜಿ ಅನ್ನೋ ಬೇರೊಂದು ವೈರಸ್‌ನ ಪ್ರೋಟೀನ್‌ದು, ಆ ಕೋಟಿರೋ ಕಣ ಸೆಲ್‌ನ ಮೇಲ್ಮೈಗೆ ಅಂಟ್ಕೊಂಡು ಎಂಡೋಸೋಮ್ ಅನ್ನೋ ಚಿಕ್ಕ ಚೀಲದಲ್ಲಿ ಒಳಗೆ ಬರತ್ತೆ, ಅಲ್ಲಿ ಆಸಿಡ್ ಜಾಸ್ತಿ ಆದಾಗ ಚೀಲದ ಗೋಡೆಗೆ ಬೆಸೆದ್ಕೊಂಡು ಆಚೆ ಬರಬೇಕು. ಐಎಫ್‌ಐಟಿಎಂ3 ಕೂತಿರೋದು ಸರಿಯಾಗಿ ಆ ಗೋಡೆಯಲ್ಲೇ, ಬೆಸೆಯೋಕೇ ಬಿಡಲ್ಲ, ಕಣ ಚೀಲದೊಳಗೇ ಸಿಕ್ಕಾಕ್ಕೊಂಡು ಕೊನೆಗೆ ಲೈಸೋಸೋಮ್‌ಗೆ ಹೋಗಿ ಜೀರ್ಣ ಆಗತ್ತೆ. ಇದೇ ಪ್ರೋಟೀನ್ ನಮ್ಮನ್ನ ಫ್ಲೂನಿಂದಲೂ ಕಾಯತ್ತೆ, ಈ ಜೀನಿನ ಒಂದು ವೇರಿಯಂಟ್ ಇರೋರಲ್ಲಿ ಎಚ್1ಎನ್1 ಜೋರಾಗಿ ಕಾಡಿತ್ತು ಅಂತ 2012ರಲ್ಲಿ ವರದಿ ಬಂದಿತ್ತು, ಅಂದ್ರೆ ಇದು ಕೆಟ್ಟ ಪ್ರೋಟೀನ್ ಅಂತೇನಲ್ಲ.

ಸೈಕ್ಲೋಸ್ಪೋರಿನ್ ಎಚ್ ಮಾಡೋ ಕೆಲಸ ಇದೇ ಐಎಫ್‌ಐಟಿಎಂ3ಯನ್ನ ಸ್ವಲ್ಪ ಹೊತ್ತು ಇಲ್ಲದ ಹಾಗೆ ಮಾಡೋದು. ಕಂಡ್ಹಿಡಿದದ್ದು ಇಟಲಿಯ ಮಿಲಾನ್‌ನಲ್ಲಿ, ಸಾನ್ ರಫಾಯೆಲೆ ಟೆಲಿಥಾನ್ ಇನ್‌ಸ್ಟಿಟ್ಯೂಟ್‌ನಲ್ಲಿ ಅನ್ನಾ ಕಜಾಸ್ತೆ-ರುದ್ನಿತ್‌ಸ್ಕಿ ಅವರ ಗುಂಪು. 2015ರಲ್ಲಿ ಅವರು ಮೊದಲು ಸೈಕ್ಲೋಸ್ಪೋರಿನ್ ಎ ಮತ್ತೆ ರಾಪಾಮೈಸಿನ್ ಅನ್ನೋ ಔಷಧಿಗಳು ಎರಡೂ ವೆಕ್ಟರ್‌ಗೆ ದಾರಿ ಮಾಡಿಕೊಡ್ತವೆ, ಆದ್ರೆ ಬೇರೆ ಬೇರೆ ಹಂತದಲ್ಲಿ ಅಂತ ತೋರಿಸಿದ್ರು. ಸೈಕ್ಲೋಸ್ಪೋರಿನ್ ಅನ್ನೋ ಹೆಸರು ನಮ್ಮೂರುಗಳಲ್ಲೂ ಕಿಡ್ನಿ ಕಸಿ ಮಾಡಿಸ್ಕೊಂಡವರ ಮನೆಯವರಿಗೆ ಚೆನ್ನಾಗೇ ಗೊತ್ತು, ಅದು ಎ. ಅದು ಸೈಕ್ಲೋಫಿಲಿನ್ ಅನ್ನೋ ಪ್ರೋಟೀನ್‌ಗೆ ಅಂಟ್ಕೊಂಡು ಕ್ಯಾಲ್ಸಿನ್ಯೂರಿನ್ ಅನ್ನೋ ಎನ್‌ಜೈಮ್ ತಡೆದು ಇಮ್ಯುನಿಟಿ ತಗ್ಗಿಸತ್ತೆ, ಜೊತೆಗೆ ಸೆಲ್‌ಗಳ ಬೆಳವಣಿಗೇನೂ ನಿಧಾನ ಮಾಡತ್ತೆ. ಎಚ್ ಅನ್ನೋದು ಅದರದೇ ಐಸೋಮರ್, ಅದೇ ಪರಮಾಣುಗಳು, ಅದೇ ತೂಕ, ಒಂದೇ ಒಂದು ಅಮೈನೋ ಆಸಿಡ್ ಮಾತ್ರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ಕೂತಿದೆ. ಅಷ್ಟಕ್ಕೇ ಸೈಕ್ಲೋಫಿಲಿನ್‌ಗೆ ಅಂಟಲ್ಲ, ಇಮ್ಯುನಿಟಿ ತಗ್ಗಿಸೋ ಗುಣ ಹೋಯ್ತು, ಆದ್ರೆ ವೆಕ್ಟರ್‌ಗೆ ದಾರಿ ಬಿಡಿಸೋ ಕೆಲಸ ಸೈಕ್ಲೋಸ್ಪೋರಿನ್ ಎಗಿಂತ ಚೆನ್ನಾಗಿ ಮಾಡತ್ತೆ. 2018ರಲ್ಲಿ ಅದೇ ಗುಂಪು ಇದನ್ನ ಐಎಫ್‌ಐಟಿಎಂ3 ಸಮೇತ ಬಿಡಿಸಿ ಹೇಳ್ತು, ಬರೀ ಪ್ಲೇಟಲ್ಲಿ ಅಲ್ಲ, ಇಲಿಗೆ ಕಸಿ ಮಾಡಿ ತಿಂಗಳುಗಟ್ಟಲೆ ಉಳಿಯೋ ಸ್ಟೆಮ್ ಸೆಲ್‌ಗಳಲ್ಲೂ ತೋರಿಸಿದ್ರು. ನಂಗೆ ಆ ಕೆಲಸದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಇನ್ನೊಂದು ಮಾತು, ಒಬ್ಬೊಬ್ಬ ಡೋನರ್‌ನಲ್ಲಿ ಐಎಫ್‌ಐಟಿಎಂ3 ಒಂದೊಂದು ಮಟ್ಟದಲ್ಲಿರತ್ತೆ, ಯಾರಲ್ಲಿ ಜಾಸ್ತಿ ಇದೆಯೋ ಅವರ ಸೆಲ್‌ಗೆ ವೆಕ್ಟರ್ ಕಮ್ಮಿ ಹತ್ತತ್ತೆ. ಒಂದೇ ವೆಕ್ಟರು, ಒಂದೇ ಕೈ, ಒಂದೇ ದಿನ, ಆದ್ರೂ ಒಬ್ಬರ ಸೆಲ್‌ನಲ್ಲಿ ಚೆನ್ನಾಗಿ ಬಂದು ಇನ್ನೊಬ್ಬರದರಲ್ಲಿ ಬರದೇ ಇರೋದಕ್ಕೆ ಇದು ಉತ್ತರ.

ಈಗ ಕೈಯಲ್ಲಿ ಹೆಂಗಿದೆ ಅಂತ. ನಮ್ಮ ಲ್ಯಾಬ್ ಬೆಂಗಳೂರಲ್ಲಿದೆ, ಹೆರಿಗೆ ಆದ್ಮೇಲೆ ಅಮ್ಮಂದಿರ ಒಪ್ಪಿಗೆ ತಗೊಂಡು ಎಥಿಕ್ಸ್ ಕಮಿಟಿ ಪರ್ಮಿಷನ್ ಜೊತೆ ಸಿಗೋ ಕಾರ್ಡ್ ಬ್ಲಡ್‌ನಿಂದ ಸೆಲ್ ತೆಗೀತೀವಿ. ವಯಲ್ ಬರೋದು ಪುಟ್ಟದಾಗಿ, 5 ಎಂಜಿ ಬಿಳೀ ಪುಡಿ, ಅದೂ ಕಣ್ಣಿಗೆ ಕಾಣೋದು ಗಾಜಿನ ಗೋಡೆಗೆ ಅಂಟಿದ ಒಂದು ಪದರ ಅಷ್ಟೇ. ಇದನ್ನ ಸ್ಪ್ಯಾಚುಲಾದಲ್ಲಿ ತೆಗೆದು ತೂಕ ಮಾಡೋಕೆ ಹೋಗ್ಬೇಡಿ, ಸ್ಟ್ಯಾಟಿಕ್‌ಗೆ ಹಾರಿ ಹೋಗತ್ತೆ, ವಯಲ್‌ನ ಮೊದಲು ಒಂದ್ಸಲ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಪುಡಿ ಕೆಳಗೆ ಕೂರ್ಸಿ ನೇರ ವಯಲ್‌ಗೇ ಡಿಎಂಎಸ್‌ಒ ಅನ್ನೋ ದ್ರಾವಕ ಹಾಕಿ. ಮಾಲಿಕ್ಯುಲರ್ ವೆಯ್ಟ್ 1202.6, ಹಂಗಾಗಿ 5 ಎಂಜಿಗೆ 520 ಮೈಕ್ರೊಲೀಟರ್ ಡಿಎಂಎಸ್‌ಒ ಹಾಕಿದ್ರೆ ಹತ್ತಿರ ಹತ್ತಿರ 8 ಮಿಲಿಮೋಲಾರ್ ಸ್ಟಾಕ್ ಆಗತ್ತೆ, ಬಳಸೋ ಡೋಸ್ 8 ಮೈಕ್ರೊಮೋಲಾರ್, ಅಂದ್ರೆ ಸಾವಿರಕ್ಕೆ ಒಂದು ಪಾಲು ಹಾಕಿದ್ರೆ ಮುಗೀತು, ಲೆಕ್ಕ ತಪ್ಪೋ ಮಾತೇ ಇಲ್ಲ, ಡಿಎಂಎಸ್‌ಒ ಕೂಡ ಮೀಡಿಯಾದಲ್ಲಿ 0.1 ಪರ್ಸೆಂಟ್ ದಾಟಲ್ಲ. ಕರಗೋದು ಸಲೀಸು, ಬೆರಳಲ್ಲಿ ನಾಲ್ಕು ಸಲ ತಟ್ಟಿದ್ರೆ ತಿಳಿಯಾಗತ್ತೆ. ಮೀಡಿಯಾಗೆ ಹಾಕುವಾಗ ಮಾತ್ರ ಮೀಡಿಯಾ ಕೋಲ್ಡ್ ಇರಬಾರ್ದು, ರೂಮ್ ಟೆಂಪರೇಚರ್‌ಗೆ ಬಂದಿರ್ಬೇಕು, ಹಾಕ್ತಾ ಹಾಕ್ತಾ ಅಲ್ಲಾಡಿಸ್ತಾ ಇರ್ಬೇಕು, ಇಲ್ದಿದ್ರೆ ಇದು ನೀರಿಗೆ ಒಗ್ಗದ ಅಣು, ಸಣ್ಣ ಬಿಳೀ ಎಳೆಗಳ ಥರ ಕೂತ್ಬಿಡತ್ತೆ, ಮೈಕ್ರೋಸ್ಕೋಪ್‌ನಲ್ಲಿ ನೋಡಿದ್ರೆ ಕಾಣತ್ತೆ.

ವೆಕ್ಟರ್ ಹಾಕುವಾಗಲೇ ಇದನ್ನೂ ಹಾಕಿ, ರಾತ್ರಿ ಇನ್‌ಕ್ಯುಬೇಟರ್‌ನಲ್ಲಿಟ್ಟು, ಬೆಳಿಗ್ಗೆ ತೊಳೆದು ಹೊಸ ಮೀಡಿಯಾಗೆ ಹಾಕೋದು. ತೊಳೆದ ಮೇಲೆ ಐಎಫ್‌ಐಟಿಎಂ3 ವಾಪಸ್ ಬರತ್ತೆ, ಅದು ಒಳ್ಳೇದು, ಬರ್ಲೇಬೇಕು, ಕಾವಲಿಲ್ಲದ ಸ್ಟೆಮ್ ಸೆಲ್ ಯಾರಿಗೂ ಬೇಡ. ರಿಸಲ್ಟ್ ಬಗ್ಗೆ ಹೇಳ್ಬೇಕು ಅಂದ್ರೆ, ಚೆನ್ನಾಗಿ ಹತ್ತೋ ಡೋನರ್‌ಗಳಲ್ಲಿ ಇದು ಅಂಥಾ ಪವಾಡ ಏನೂ ಮಾಡಲ್ಲ, ಏರಿಕೆ ಇರತ್ತೆ, ಅಷ್ಟೇ. ಹತ್ತದೇ ಇರೋ ಡೋನರ್ ಇದಾರಲ್ಲ, ಫ್ಲೋ ಸೈಟೋಮೆಟ್ರಿಯಲ್ಲಿ (ಹೊಳೆಯೋ ಸೆಲ್ ಎಷ್ಟು ಅಂತ ಎಣಿಸೋ ಮೆಷಿನ್) ನೋಡಿ ಬೇಜಾರಾಗಿ ಸೆಲ್ ಎಸೆಯೋಣ ಅನ್ಸೋ ಅಂಥವರು, ಅವರಲ್ಲಿ ಇದರ ಬೆಲೆ ಗೊತ್ತಾಗೋದು. ಕೆಳಗೆ ಬಿದ್ದವರನ್ನ ಎಬ್ಬಿಸಿ ಉಳಿದವರ ಪಕ್ಕಕ್ಕೆ ತಂದು ನಿಲ್ಸತ್ತೆ. ಮುಂದೆ ಪೇಶೆಂಟ್ ಕೆಲಸಕ್ಕೆ ಹೋಗೋರಿಗೆ ಸರಾಸರಿಗಿಂತ ಇದು ದೊಡ್ಡ ವಿಷಯ, ಯಾಕಂದ್ರೆ ಪೇಶೆಂಟ್‌ನ ನಾವು ಆರಿಸ್ಕೊಳ್ಳೋಕೆ ಆಗಲ್ಲ, ಬಂದ ಮಗು ಬಂದ ಮಗುವೇ, ಅದರ ಸೆಲ್‌ನಲ್ಲಿ ಐಎಫ್‌ಐಟಿಎಂ3 ಎಷ್ಟಿದೆಯೋ ಅಷ್ಟೇ. ಸೆಲ್ ಸಾಯೋದು ಜಾಸ್ತಿ ಆಗಿದ್ದು ನಾನು ನೋಡಿಲ್ಲ, 14 ದಿನದ ಕಾಲೊನಿ ಅಸ್ಸೇನಲ್ಲೂ ಕೆಂಪು ಬಿಳಿ ಕಾಲೊನಿಗಳು ಕಂಟ್ರೋಲ್ ಥರಾನೇ ಬಂದ್ವು, ರಾಪಾಮೈಸಿನ್ ಹಾಕಿದಾಗ ಆಗೋ ಹಾಗೆ ಸೆಲ್ ಮಂಕಾಗಿ ಬೆಳವಣಿಗೆ ಕುಂಠಿತ ಆಗೋದು ಇದರಲ್ಲಿ ಇಲ್ಲ.

ದುಡ್ಡಿನ ಲೆಕ್ಕ ನೋಡೋಣ. ಒಂದು ಎಂಎಲ್ ಮೀಡಿಯಾಗೆ ಹೋಗೋದು ಸುಮಾರು 9.6 ಮೈಕ್ರೊಗ್ರಾಂ, ಅಂದ್ರೆ 5 ಎಂಜಿಯಲ್ಲಿ ಅರ್ಧ ಲೀಟರ್ ಮೇಲೆ ಮೀಡಿಯಾ ಆಗತ್ತೆ, 24 ವೆಲ್ ಪ್ಲೇಟಲ್ಲಿ ವೆಲ್‌ಗೆ ಅರ್ಧ ಎಂಎಲ್ ಹಾಕಿದ್ರೆ ಸಾವಿರ ವೆಲ್. ವಯಲ್ ಬೆಲೆ ನೋಡಿ ಮೊದಲು ಎದೆ ಧಸಕ್ ಅನ್ನತ್ತೆ, ಎಂಜಿ ಲೆಕ್ಕದಲ್ಲಿ ಚಿನ್ನಕ್ಕಿಂತ ದುಬಾರಿ, ಆದ್ರೆ ವೆಲ್ ಲೆಕ್ಕಕ್ಕೆ ಇಳಿಸಿದ್ರೆ ಸೈಟೋಕೈನ್ ಖರ್ಚಿನ ಮುಂದೆ ಏನೇನೂ ಅಲ್ಲ. ಈ ಫೀಲ್ಡಲ್ಲಿ ದುಬಾರಿ ಅಂದ್ರೆ ವೆಕ್ಟರ್. ಬೀಟಾ ಥಲಸ್ಸೇಮಿಯದ ಜೀನ್ ಥೆರಪಿ ಝಿಂಟೆಗ್ಲೋ 2022ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಅಪ್ರೂವ್ ಆದಾಗ ಬೆಲೆ 28 ಲಕ್ಷ ಡಾಲರ್ ಇಟ್ರು, ಕ್ರಿಸ್ಪರ್ (ಜೀನ್ ಕತ್ತರಿಸಿ ತಿದ್ದೋ ವಿಧಾನ) ಬಳಸಿ ಮಾಡೋ ಕ್ಯಾಸ್ಗೆವಿ 2023ರ ನವೆಂಬರ್‌ನಲ್ಲಿ ಬ್ರಿಟನ್ನಲ್ಲಿ, ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಬಂತು, ಅಮೆರಿಕದಲ್ಲಿ ಅದಕ್ಕೆ 22 ಲಕ್ಷ ಡಾಲರ್, ನಮ್ಮ ದುಡ್ಡಲ್ಲಿ 18 ಕೋಟಿ ದಾಟತ್ತೆ. ನಮ್ಮ ದೇಶದಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಥಲಸ್ಸೇಮಿಯ ಮೇಜರ್ ಇಟ್ಕೊಂಡು ಹುಟ್ತಾರೆ, ಎರಡು ಮೂರು ವಾರಕ್ಕೊಮ್ಮೆ ರಕ್ತ ಹಾಕಿಸ್ಕೊಂಡು ಬದುಕ್ತಾರೆ, ಆ ಬೆಲೆ ಇವರಿಗೆ ಯಾವ ಕಾಲಕ್ಕೂ ಎಟುಕಲ್ಲ. ಅದೇ ವೆಕ್ಟರ್‌ನಲ್ಲಿ ಕಾಲು ಭಾಗ ಬಳಸಿ ಅದೇ ಫಲ ಬರೋ ಹಾಗೆ ಮಾಡೋ ಯಾವ ಉಪಾಯನೂ ನಮ್ಮಂಥ ದೇಶಕ್ಕೆ ಸಣ್ಣದಲ್ಲ. ನಾನು ಈ ರೀಏಜೆಂಟ್ ಬಗ್ಗೆ ಇಷ್ಟು ತಲೆ ಕೆಡಿಸ್ಕೊಂಡಿರೋದೂ ಅದಕ್ಕೇನೆ.

ಎನ್‌ಹಾನ್ಸರ್ (ವೆಕ್ಟರ್ ಒಳಗೆ ಹೋಗೋಕೆ ನೆರವಾಗೋ ಇಂಥ ಪದಾರ್ಥ) ಹಾಕೋದರಿಂದ ಮನುಷ್ಯರಲ್ಲಿ ನಿಜವಾಗ್ಲೂ ವ್ಯತ್ಯಾಸ ಆಗತ್ತಾ ಅಂತ ಕೇಳೋರಿಗೆ ದೂರ ಎಲ್ಲೂ ಹೋಗ್ಬೇಕಿಲ್ಲ, ವೆಲ್ಲೂರು ಸಾಕು. ಅಲ್ಲಿನ ಸಿಎಂಸಿ ಕ್ಯಾಂಪಸ್‌ನಲ್ಲಿರೋ ಸೆಂಟರ್ ಫಾರ್ ಸ್ಟೆಮ್ ಸೆಲ್ ರಿಸರ್ಚ್ ನಮ್ಮ ಬೆಂಗಳೂರಿನ ಇನ್‌ಸ್ಟೆಮ್‌ನದೇ ಒಂದು ಘಟಕ. ಅಲ್ಲಿ ಡಾ. ಅಲೋಕ್ ಶ್ರೀವಾಸ್ತವ ಅವರ ತಂಡ ಎಮೊರಿ ಯೂನಿವರ್ಸಿಟಿ ಜೊತೆ ಸೇರಿ ಸಿವಿಯರ್ ಹಿಮೋಫಿಲಿಯ ಎ ಇರೋ ಐದು ಜನಕ್ಕೆ ಅವರದೇ ಸ್ಟೆಮ್ ಸೆಲ್‌ಗೆ ಫ್ಯಾಕ್ಟರ್ 8 ಜೀನ್ ಲೆಂಟಿವೈರಲ್ ವೆಕ್ಟರ್‌ನಲ್ಲಿ ಹಾಕಿ ಕೊಟ್ರು, 2024ರ ಡಿಸೆಂಬರ್‌ನಲ್ಲಿ ಪ್ರಕಟ ಆಯ್ತು. ಮೊದಲ ಇಬ್ಬರಿಗೆ ಎನ್‌ಹಾನ್ಸರ್ ಇಲ್ಲದೇ ಮಾಡಿದ್ದು, ಆಮೇಲಿನ ಮೂವರಿಗೆ ಎನ್‌ಹಾನ್ಸರ್ ಹಾಕಿ ಮಾಡಿದ್ದು. ಐದೂ ಜನರಲ್ಲಿ ಬ್ಲೀಡಿಂಗ್ ನಿಂತಿದೆ, ಅದೇ ದೊಡ್ಡ ಸಂತೋಷ, ಆದ್ರೆ ಫ್ಯಾಕ್ಟರ್ 8 ಮಟ್ಟ ನೋಡಿದ್ರೆ ಮೊದಲ ಇಬ್ಬರಲ್ಲಿ ತೀರಾ ಕೆಳಗೆ, ಆಮೇಲಿನ ಮೂವರಲ್ಲಿ ಎಷ್ಟೋ ಪಟ್ಟು ಮೇಲೆ. ಅಲ್ಲಿ ಯಾವ ಎನ್‌ಹಾನ್ಸರ್ ಅನ್ನೋದಕ್ಕಿಂತ ಎನ್‌ಹಾನ್ಸರ್ ಇರೋದಕ್ಕೂ ಇಲ್ಲದಿರೋದಕ್ಕೂ ಇರೋ ಅಂತರ ನೋಡಿ. ಈ ಕೆಲಸ ನಮ್ಮ ಪಕ್ಕದ ಊರಲ್ಲಿ ಆಗಿದೆ ಅಂತ ನಂಗೆ ತುಂಬಾ ಹೆಮ್ಮೆ ಇದೆ, ನ್ಯೂಸ್ ಪೇಪರ್‌ಗಳಲ್ಲಿ ಇದಕ್ಕೆ ಸಿಗಬೇಕಾದ ಜಾಗ ಸಿಗ್ಲಿಲ್ಲ.

ಬೇರೆ ಪ್ರಾಡಕ್ಟ್‌ಗಳ ಜೊತೆ ಹೋಲಿಸಿದ್ರೆ? ಪ್ರೋಟಮೀನ್ ಸಲ್ಫೇಟ್ ಎಲ್ಲಕ್ಕಿಂತ ಅಗ್ಗ, ಹೆಪಾರಿನ್ ಇಳಿಸೋಕೆ ಆಸ್ಪತ್ರೇಲಿ ಕೊಡೋದೇ ಅದು, ಚಾರ್ಜ್ ತಟಸ್ಥ ಮಾಡಿ ವೆಕ್ಟರ್‌ನ ಸೆಲ್ ಹತ್ತಿರ ತರತ್ತೆ, ಹಾಕಿ, ಆದ್ರೆ ಅದರಿಂದ ಜಾಸ್ತಿ ನಿರೀಕ್ಷೆ ಬೇಡ. ಟಕಾರಾದ ರೆಟ್ರೊನೆಕ್ಟಿನ್ ಹಳೇ ನಂಬಿಕಸ್ಥ, ಪ್ಲೇಟಿಗೆ ಬಳಿಯೋ ಫೈಬ್ರೊನೆಕ್ಟಿನ್ ತುಂಡು, ಸೆಲ್ಲನ್ನೂ ವೆಕ್ಟರನ್ನೂ ಒಂದೇ ಕಡೆ ಹಿಡಿದಿಡತ್ತೆ, ಹಿಂದಿನ ದಿನವೇ ಕೋಟ್ ಮಾಡೋ ಕೆಲಸ ಇರತ್ತೆ, ಬೆಲೆ ಜಾಸ್ತಿ. ಪ್ರೋಸ್ಟಗ್ಲಾಂಡಿನ್ ಇ2 ಒಳ್ಳೇದು, ಸೈಕ್ಲೋಸ್ಪೋರಿನ್ ಎಚ್ ಜೊತೆ ಹಾಕಿದ್ರೆ ಒಂದಕ್ಕೊಂದು ಅಡ್ಡ ಬರಲ್ಲ. ಇನ್ನು ಸಿರಿಯಾನ್ ಕಂಪನಿಯ ಲೆಂಟಿಬೂಸ್ಟ್, ಇದೇ ನಿಜವಾದ ಪೈಪೋಟಿ. ಅದು ಪೊಲೊಕ್ಸಾಮರ್ ಅನ್ನೋ ಪಾಲಿಮರ್, ಯಾವ ಪ್ರೋಟೀನ್ ಮೇಲೂ ಗುರಿ ಇಡದೇ ಸೆಲ್‌ನ ಪೊರೆ ಮೇಲೇ ಕೆಲಸ ಮಾಡತ್ತೆ, ಕ್ಲಿನಿಕಲ್ ಗ್ರೇಡ್ ಸಿಗತ್ತೆ, ಟ್ರಯಲ್‌ಗಳಲ್ಲಿ ಬಳಸಿದಾರೆ. ಕ್ಲಿನಿಕ್ ಕಡೆ ಮುಖ ಮಾಡಿರೋ ಲ್ಯಾಬ್ ಆದ್ರೆ ಅದನ್ನ ಬಿಟ್ಟು ನೋಡೋಕಾಗಲ್ಲ. ಆದ್ರೂ ನಂಗೆ ಸೈಕ್ಲೋಸ್ಪೋರಿನ್ ಎಚ್ ಹೆಚ್ಚು ಇಷ್ಟ, ಯಾಕಂದ್ರೆ ಅದು ಯಾವ ಬೀಗ ತೆಗೀತಿದೆ ಅಂತ ಗೊತ್ತು, ವೆಸ್ಟರ್ನ್ ಬ್ಲಾಟ್ ಹಾಕಿ ಐಎಫ್‌ಐಟಿಎಂ3 ಬ್ಯಾಂಡ್ ಮಂಕಾಗಿರೋದನ್ನ ಕಣ್ಣಾರೆ ನೋಡ್ಬಹುದು, ಕೆಲಸ ಮಾಡ್ಲಿಲ್ಲ ಅಂದ್ರೆ ಯಾಕೆ ಅಂತ ಹುಡುಕೋಕೆ ಒಂದು ದಾರಿ ಇರತ್ತೆ.

ಈಗ ಆ ಕಳೆದ ಅರ್ಧ ಮಾರ್ಕಿನ ವಿಷಯ, ಇದನ್ನ ದಯವಿಟ್ಟು ಬಿಡದೇ ಓದಿ.

ಇದು ವಿಎಸ್‌ವಿ-ಜಿ ಕೋಟಿನ ವೆಕ್ಟರ್‌ಗೆ ಹೇಳಿಮಾಡಿಸಿದ್ದು. ಬೇರೆ ಕೋಟಿನ ವೆಕ್ಟರ್ ಇದ್ರೆ ಒಳಗೆ ಬರೋ ದಾರಿನೇ ಬೇರೆ ಇರ್ಬಹುದು, ಮೊದಲು ಒಂದು ಪುಟ್ಟ ಟೆಸ್ಟ್ ಮಾಡಿ ನೋಡಿ. ಎರಡನೇದು ಇನ್ನೂ ಮುಖ್ಯ. ವೆಕ್ಟರ್ ಒಳಗೆ ಹೋದ್ಮೇಲೆ ಸೆಲ್ ಸುಮ್ನೆ ಕೂರಲ್ಲ. ಮಿಲಾನ್‌ನ ಅದೇ ಗುಂಪು 2017ರಲ್ಲಿ ತೋರಿಸಿದ್ದು, ಲೆಂಟಿವೈರಲ್ ವೆಕ್ಟರ್ ಇನ್ನೇಟ್ ಸೆನ್ಸರ್‌ಗಳ ಕಣ್ಣಿಗೆ ಬೀಳದೇ ತಪ್ಪಿಸ್ಕೊಳ್ಳತ್ತೆ, ಇಂಟರ್‌ಫೆರಾನ್ ಎದ್ದೇಳಲ್ಲ, ಹಳೇ ಕಾಲದ ಗಾಮಾ ರೆಟ್ರೋವೈರಲ್ ವೆಕ್ಟರ್ ಆದ್ರೆ ಜೋರಾಗೇ ಏಳತ್ತೆ, ಆದ್ರೆ ಲೆಂಟಿಯ ಡಿಎನ್‌ಎ ಪಿ53 ಅನ್ನೋ ಅಲಾರಂ ಬಡಿಯತ್ತೆ, ಎಎವಿ ಅನ್ನೋ ಇನ್ನೊಂದು ಥರದ ವೈರಸ್ ವೆಕ್ಟರ್‌ನಿಂದಲೂ ಬಡಿಯತ್ತೆ, ಅದರಿಂದ ಸೆಲ್ ಸಾಯ್ತವೆ, ಕಸಿ ಆಗೋದು ಕಮ್ಮಿಯಾಗತ್ತೆ. ಲಾಂಗ್ ಟರ್ಮ್ ಸ್ಟೆಮ್ ಸೆಲ್‌ಗಳಿಗೆ ಅಷ್ಟು ಪೆಟ್ಟು ಬೀಳಲ್ಲ ಅನ್ನೋದೊಂದು ಸಮಾಧಾನ. ಸೈಕ್ಲೋಸ್ಪೋರಿನ್ ಎಚ್ ಈ ಅಲಾರಂ ನಿಲ್ಸಲ್ಲ. ಬಾಗಿಲು ಅಗಲ ತೆಗೆದಷ್ಟೂ ಒಳಗೆ ಹೋಗೋ ಡಿಎನ್‌ಎ ಜಾಸ್ತಿ, ಹಂಗಾಗಿ ವೆಕ್ಟರ್ ಡೋಸ್ ಮೊದಲಿನಷ್ಟೇ ಇಟ್ಟು ಇದನ್ನೂ ಹಾಕಿದ್ರೆ ಕಾಪಿ ನಂಬರ್ (ಒಂದು ಸೆಲ್‌ಗೆ ವೆಕ್ಟರ್‌ನ ಎಷ್ಟು ಕಾಪಿ ಅನ್ನೋ ಲೆಕ್ಕ) ಸುಮ್ನೆ ಏರ್ತಾ ಹೋಗತ್ತೆ. ಇದನ್ನ ಬಳಸೋ ಸರಿಯಾದ ರೀತಿ ವೆಕ್ಟರ್ ಇಳಿಸೋದು. ಕಾಪಿ ಜಾಸ್ತಿ ಆದಷ್ಟೂ ಒಳ್ಳೇದು ಅನ್ನೋ ಯೋಚನೆ ಬಿಡಿ, ಪ್ರತಿ ಕಾಪಿನೂ ಜೀನೋಮ್‌ನಲ್ಲಿ ಎಲ್ಲೋ ಒಂದು ಕಡೆ ಹೋಗಿ ಕೂರತ್ತೆ. ಮೆದುಳಿನ ಒಂದು ಖಾಯಿಲೆಗೆ ಲೆಂಟಿವೈರಲ್ ವೆಕ್ಟರ್‌ನಲ್ಲಿ ಮಾಡೋ ಸ್ಕೈಸೋನಾ ಅನ್ನೋ ಜೀನ್ ಥೆರಪಿ ತಗೊಂಡ 67 ಮಕ್ಕಳಲ್ಲಿ 7 ಮಕ್ಕಳಿಗೆ ರಕ್ತದ ಕ್ಯಾನ್ಸರ್ ಬಂತು ಅಂತ 2024ರಲ್ಲಿ ಬಂದ ವರದಿ ಈ ಫೀಲ್ಡಲ್ಲಿರೋ ಎಲ್ಲರನ್ನೂ ಅಲ್ಲಾಡಿಸಿತ್ತು. ಅಲ್ಲಿ ವೆಕ್ಟರ್‌ನ ಪ್ರೊಮೋಟರ್ (ಜೀನ್ ಆನ್ ಮಾಡೋ ಸ್ವಿಚ್) ಜೋರಿನದು ಅನ್ನೋ ಕಾರಣ ಇದೆ ನಿಜ, ಆದ್ರೂ ವೆಕ್ಟರ್ ಎಲ್ಲಿ ಹೋಗಿ ಕೂತ್ಕೊಳ್ಳತ್ತೆ ಅನ್ನೋದು ಮಗುವಿನ ಜೀವದ ಪ್ರಶ್ನೆ ಅಂತ ಮರೀಬಾರ್ದು.

ಕ್ರಿಸ್ಪರ್ ಮಾಡೋರು ಇದನ್ನ ತಗೊಳ್ಬೇಕಾ ಅಂತ ತುಂಬಾ ಜನ ಕೇಳ್ತಾರೆ. ಡೋನರ್ ಟೆಂಪ್ಲೇಟ್‌ನ (ಕತ್ತರಿಸಿದ ಜಾಗಕ್ಕೆ ಸೇರಿಸೋ ಸರಿಯಾದ ಡಿಎನ್‌ಎ) ಇಂಟಿಗ್ರೇಸ್ ಇಲ್ಲದ (ತಾನಾಗೇ ಜೀನೋಮ್‌ಗೆ ಸೇರದ) ಲೆಂಟಿವೈರಲ್ ವೆಕ್ಟರ್‌ನಲ್ಲಿ ಕೊಡ್ತಿದ್ರೆ ಹೌದು, ಅಲ್ಲೂ ಅದೇ ಕೋಟು, ಅದೇ ಬಾಗಿಲು, ಎಡಿಟಿಂಗ್ ಏರಿದ್ದನ್ನ 2018ರ ಕೆಲಸದಲ್ಲೇ ತೋರಿಸಿದಾರೆ. ಕಾಸ್9 ಆರ್‌ಎನ್‌ಪಿ (ಡಿಎನ್‌ಎ ಕತ್ತರಿಸೋ ಪ್ರೋಟೀನ್, ದಾರಿ ತೋರಿಸೋ ಗೈಡ್ ಆರ್‌ಎನ್‌ಎ ಜೊತೆ) ಎಲೆಕ್ಟ್ರೊಪೊರೇಷನ್ ಮಾಡಿ (ಕರೆಂಟ್ ಕೊಟ್ಟು ಒಳಗೆ ಹಾಕಿ) ಟೆಂಪ್ಲೇಟ್‌ಗೆ ಎಎವಿ6 ಹಾಕೋರಿಗೆ ಮುಖ್ಯ ತಲೆನೋವು ಬಾಗಿಲಲ್ಲ, ಒಳಗಿನ ಉರಿ. ಡಿಎನ್‌ಎ ಎರಡೂ ಎಳೆ ಕಡಿದಾಗ ಏಳೋ ಪಿ53, ಅದರ ಮೇಲೆ ಎಎವಿ ಡಿಎನ್‌ಎ ಎಬ್ಬಿಸೋ ಪಿ53, ಎರಡೂ ಸೇರ್ಕೊಂಡು ಸ್ಟೆಮ್ ಸೆಲ್‌ಗೆ ಅಕಾಲ ಮುಪ್ಪು ತರ್ತವೆ, ಮಿಲಾನ್‌ನ ಅದೇ ಸಂಸ್ಥೆಯ ರಫಾಯೆಲ್ಲಾ ದಿ ಮಿಕ್ಕೊ ಅವರ ಗುಂಪು 2025ರಲ್ಲಿ ಇದನ್ನ ಬಿಡಿಸಿ ತೋರಿಸಿದೆ, ಎಡಿಟ್ ಆದ ಸೆಲ್‌ಗಳಲ್ಲಿ ಸೆನೆಸೆನ್ಸ್ (ಅದೇ ಮುಪ್ಪು) ಜೊತೆಗೆ ಐಎಲ್-1 ಅನ್ನೋ ಪ್ರೋಟೀನ್‌ನ ದಾರಿ ಹಿಡಿದ ಉರಿಯೂತ ಉಳ್ಕೊಳ್ಳತ್ತೆ, ಪಿ53ಯನ್ನ ಸ್ವಲ್ಪ ಹೊತ್ತು ಮಾತ್ರ ತಡೆದ್ರೆ ಅಥವಾ ಅನಕಿನ್ರಾ ಹಾಕಿ ಐಎಲ್-1 ತಡೆದ್ರೆ ಕಸಿ ಚೆನ್ನಾಗಿ ಆಗತ್ತೆ ಅಂತ. ಅನಕಿನ್ರಾ ಸಂಧಿವಾತಕ್ಕೆ ಕೊಡೋ ಹಳೇ ಔಷಧಿ, ಅದು ಇಲ್ಲಿ ಬಂದು ಕೆಲಸಕ್ಕೆ ಬಂತಲ್ಲ ಅಂತ ಓದಿ ನಂಗೆ ನಿಜಕ್ಕೂ ಖುಷಿ ಆಯ್ತು. ನಿಮ್ಮ ಬಜೆಟ್ ಕಮ್ಮಿ ಇದ್ದು ಎಎವಿ6 ಎಡಿಟಿಂಗೇ ಮಾಡ್ತಿದ್ರೆ ಸೈಕ್ಲೋಸ್ಪೋರಿನ್ ಎಚ್‌ಗಿಂತ ಮೊದಲು ಆ ಕಡೆ ದುಡ್ಡು ಹಾಕಿ.

ಹಾಗೇ ಗೈಡ್ ಆರ್‌ಎನ್‌ಎ ಲ್ಯಾಬಲ್ಲೇ ಟಿ7 ಪಾಲಿಮರೇಸ್‌ನಲ್ಲಿ ಮಾಡ್ಕೊಂಡು ದುಡ್ಡು ಉಳಿಸೋರಿಗೂ ಒಂದು ಮಾತು. ಹಂಗೆ ಮಾಡಿದ ಆರ್‌ಎನ್‌ಎ ತುದಿಯಲ್ಲಿ ಮೂರು ಫಾಸ್ಫೇಟ್ ಇರತ್ತೆ, ಅದು ವೈರಸ್ ಆರ್‌ಎನ್‌ಎಯ ಗುರುತು, ರಿಗ್-1 ಸೆನ್ಸರ್ ತಕ್ಷಣ ಹಿಡ್ಕೊಂಡು ಇಂಟರ್‌ಫೆರಾನ್ ಎಬ್ಬಿಸತ್ತೆ, ಸೆಲ್ ಸಾಯ್ತವೆ, 2018ರಲ್ಲೇ ಎರಡು ಗುಂಪು ಬೇರೆ ಬೇರೆಯಾಗಿ ಇದನ್ನ ತೋರಿಸಿವೆ. ಅಷ್ಟೇ ಅಲ್ಲ, ಇಂಟರ್‌ಫೆರಾನ್ ಬಂದ್ರೆ ಐಎಫ್‌ಐಟಿಎಂ3 ಇನ್ನೂ ಏರತ್ತೆ, ಒಂದು ಕೈಯಲ್ಲಿ ಇಳಿಸ್ತಾ ಇನ್ನೊಂದು ಕೈಯಲ್ಲಿ ಏರಿಸಿದ ಹಾಗೆ. ಕೆಮಿಕಲ್ ಆಗಿ ಮಾಡಿ ತುದಿಗಳನ್ನ ಮಾಡಿಫೈ ಮಾಡಿರೋ ಗೈಡ್ ತಗೊಳ್ಳಿ, ಸಿಡಿ34 ಸೆಲ್ ವಿಷಯದಲ್ಲಿ ಇಲ್ಲಿ ಜಿಪುಣತನ ಬೇಡ.

ಕೊಳ್ಳೋ ವಿಷಯಕ್ಕೆ ಬಂದ್ರೆ, ದೊಡ್ಡ ಕೆಮಿಕಲ್ ಕಂಪನಿಗಳ ಕ್ಯಾಟಲಾಗ್‌ನಲ್ಲೇ ಸಿಗತ್ತೆ, ಹುಡುಕುವಾಗ ಎ ಬದಲು ಎಚ್ ಅಂತ ಎರಡು ಸಲ ನೋಡ್ಕೊಳ್ಳಿ, ಪರ್ಚೇಸ್ ಸೆಕ್ಷನ್‌ನವರು ಅಗ್ಗಕ್ಕೆ ಸಿಕ್ತು ಅಂತ ಎ ತರಿಸೋ ಸಾಧ್ಯತೆ ಇದ್ದೇ ಇದೆ. ಒಬ್ಬ ಡಿಸ್ಟ್ರಿಬ್ಯೂಟರ್ ಹತ್ರ ನಮಗೆ ಕಹಿ ಅನುಭವ ಆಗಿದೆ, ಆರ್ಡರ್ ಹಾಕಿ ವಾರಗಟ್ಟಲೆ ಕಸ್ಟಮ್ಸ್, ಕಸ್ಟಮ್ಸ್ ಅಂತ ಕಾಯಿಸಿದ್ರು, ಬಂದ ವಯಲ್ ಜೊತೆ ಅನಾಲಿಸಿಸ್ ಸರ್ಟಿಫಿಕೇಟ್ ಇರ್ಲಿಲ್ಲ, ಕೇಳಿದ್ರೆ ಮಾಸ್ ಸ್ಪೆಕ್ ರಿಪೋರ್ಟ್ ಒಂದನ್ನ ಕಳಿಸಿ ಸುಮ್ನಾದ್ರು. ಅದು ಸಾಲದು, ಎ ಮತ್ತೆ ಎಚ್ ಎರಡರ ತೂಕನೂ ಒಂದೇ ಆಗಿರೋದ್ರಿಂದ ಬರೀ ಮಾಸ್ ನೋಡಿ ಯಾವುದು ಅಂತ ಹೇಳೋಕೆ ಸಾಧ್ಯನೇ ಇಲ್ಲ, ಎಚ್‌ಪಿಎಲ್‌ಸಿ ಗ್ರಾಫ್ ಬೇಕು, ಅದರಲ್ಲಿ ಎರಡೂ ಬೇರೆ ಬೇರೆ ಹೊತ್ತಿಗೆ ಇಳೀತವೆ. ಎಚ್ ಒಳಗೆ ಎ ಬೆರೆತಿದ್ರೆ ನಿಮ್ಮ ಸೆಲ್ ಬೆಳವಣಿಗೆ ಯಾಕೆ ನಿಧಾನ ಆಯ್ತು ಅಂತ ತಿಂಗಳುಗಟ್ಟಲೆ ತಲೆ ಚಚ್ಕೋಬೇಕಾಗತ್ತೆ. ಆರ್ಡರ್ ಹಾಕೋಕೆ ಮುಂಚೆನೇ ಆ ಬ್ಯಾಚಿನ ಎಚ್‌ಪಿಎಲ್‌ಸಿ ಕಳಿಸಿ ಅಂತ ಇಮೇಲ್‌ನಲ್ಲಿ ಕೇಳಿ, ಕಳಿಸದೇ ಇರೋರ ಹತ್ರ ತಗೊಳ್ಬೇಡಿ.

ಮತ್ತೆ, ಕ್ಯಾಟಲಾಗ್‌ನಿಂದ ಬರೋ ವಯಲ್ ರಿಸರ್ಚ್‌ಗೆ ಮಾತ್ರ. ಪೇಶೆಂಟ್‌ಗೆ ಕೊಡೋ ಸೆಲ್ ಮುಟ್ಟೋ ಯಾವ ಪದಾರ್ಥನೂ ಜಿಎಂಪಿ ಗ್ರೇಡ್ (ಔಷಧಿ ತಯಾರಿಕೆಯ ಗುಣಮಟ್ಟ) ಇರ್ಬೇಕು, ಐಸಿಎಂಆರ್ 2019ರಲ್ಲಿ ತಂದ ಜೀನ್ ಥೆರಪಿ ಗೈಡ್‌ಲೈನ್ಸ್ ಇದೆ, ಅದನ್ನ ಲ್ಯಾಬಿನ ಹೊಸಬರಿಗೆ ಮೊದಲೇ ಓದಿಸಿ. ಅಪ್ಪ ಅಮ್ಮಂದಿರಿಗೂ ಹೇಳ್ತೀನಿ, ಸ್ಟೆಮ್ ಸೆಲ್‌ನಲ್ಲಿ ಎಲ್ಲಾ ಗುಣ ಮಾಡ್ತೀವಿ ಅಂತ ಬೋರ್ಡ್ ಹಾಕಿರೋ ಕ್ಲಿನಿಕ್‌ಗಳಿಗೂ ಇಲ್ಲಿ ಬರೆದಿರೋದಕ್ಕೂ ಯಾವ ಸಂಬಂಧನೂ ಇಲ್ಲ, ಅಲ್ಲಿ ಹೋಗಿ ದುಡ್ಡು ಕಳ್ಕೋಬೇಡಿ, ನಿಮ್ಮ ಹೆಮಟಾಲಜಿಸ್ಟ್ ಹತ್ರ ರಿಜಿಸ್ಟರ್ ಆದ ಟ್ರಯಲ್ ಯಾವುದಾದ್ರೂ ಇದೆಯಾ ಅಂತ ಕೇಳಿ.

ಸ್ಟಾಕ್ ಮಾಡಿದ ಮೇಲೆ 20, 30 ಮೈಕ್ರೊಲೀಟರ್ ಹಾಗೆ ಹಂಚಿ ಮೈನಸ್ 20ರಲ್ಲಿ ಇಡಿ, ಒಂದ್ಸಲ ಕರಗಿಸಿದ್ದನ್ನ ಮತ್ತೆ ಫ್ರೀಜ್ ಮಾಡ್ಬೇಡಿ. ಹೊಸ ಬ್ಯಾಚ್ ಬಂದಾಗೆಲ್ಲಾ ಹತ್ತದ ಡೋನರ್ ಒಬ್ಬರ ಸೆಲ್ ಫ್ರೀಜರ್‌ನಿಂದ ತೆಗ್ದು ಹಳೇ ಬ್ಯಾಚ್ ಪಕ್ಕ ಇಟ್ಟು ನೋಡಿ, ಅದಕ್ಕೋಸ್ಕರಾನೇ ಅಂಥ ಡೋನರ್‌ನ ಸೆಲ್ ಸ್ವಲ್ಪ ಉಳಿಸಿಟ್ಕೊಳ್ಳಿ. ಪ್ಲೇಟಲ್ಲಿ ಮೂರನೇ ದಿನ ಫ್ಲೋನಲ್ಲಿ ಕಾಣೋ ಹಸಿರನ್ನ ನಂಬಿ ಕುಣೀಬೇಡಿ, ಜೀನೋಮ್‌ಗೆ ಸೇರದೇ ಇರೋ ವೆಕ್ಟರ್ ಕೂಡ ಆಗ ಹೊಳೆಯತ್ತೆ, ಎರಡು ವಾರ ಬಿಟ್ಟು ಡಿಜಿಟಲ್ ಪಿಸಿಆರ್‌ನಲ್ಲಿ ಕಾಪಿ ನಂಬರ್ ನೋಡಿ. ಇಲಿಗೆ ಕಸಿ ಮಾಡಿ ನೋಡೋ ಸೌಲಭ್ಯ ಇದ್ರೆ ಹನ್ನೆರಡು ಹದಿನಾರು ವಾರ ಕಾಯಿರಿ. ಥಲಸ್ಸೇಮಿಯ ಪೇಶೆಂಟ್‌ಗಳ ಸೆಲ್ ಮೇಲೆ ಇದನ್ನ ಬಳಸಿರೋರು ಯಾರಾದ್ರೂ ಇದ್ರೆ ಕೆಳಗೆ ಬರೀರಿ, ಮ್ಯಾರೋದಲ್ಲಿ ಮೊದಲೇ ಅಷ್ಟೊಂದು ಉರಿಯೂತ, ಐರನ್ ತುಂಬ್ಕೊಂಡಿರೋ ಮಕ್ಕಳ ಸೆಲ್‌ನಲ್ಲಿ ಐಎಫ್‌ಐಟಿಎಂ3 ಎಷ್ಟಿರತ್ತೆ, 8 ಮೈಕ್ರೊಮೋಲಾರ್ ಸಾಕಾಗತ್ತಾ ಅನ್ನೋದನ್ನ ನಿಮ್ಮಿಂದ ಕೇಳ್ಬೇಕು ಅಂತಿದೀನಿ.